ಬಲಗಡೆಯ ಮಾರ್ಜಿನ್

ಒದ್ದೆ ಕೋಟುಗಳನ್ನು ಕೋಣೆ ಬೆಚ್ಚಗಿಡುವ ರೇಡಿಯೇಟರ್ ಮೇಲೆ ಒಣಹಾಕಿದ ವಾಸನೆ ಬಂದರೆ ಬೇರೆಯವರಿಗೆ ಏನು ನೆನಪಾಗುತ್ತದೋ ಗೊತ್ತಿಲ್ಲ, ನನಗೆ ಮಾತ್ರ ಗಣಿತದ ಮ್ಯಾಟ್ರಿಕ್ಸ್ ನೆನಪಾಗುತ್ತದೆ. ಹೋದ ವಾರ ನಮ್ಮ ಶಾಲೆಯ ದೊಡ್ಡ ಮಕ್ಕಳನ್ನು ಕರೆದುಕೊಂಡು ನಾನು ಓದಿದ ಯುನಿವರ್ಸಿಟಿಗೆ ಹೋಗಿದ್ದೆ. ಅಲ್ಲಿ ಓಪನ್ ಡೇ, ಮುಂದೆ ಸೇರುವ ಮಕ್ಕಳು ಬಂದು ನೋಡಿಹೋಗುವ ದಿನ. ಬೆಳಗಿನಿಂದ ಮಳೆ ಹಿಡಿದಿತ್ತು. ಮೂರನೇ ಮಹಡಿಯ ಆ ಕೋಣೆಗೆ ಕಾಲಿಟ್ಟದ್ದೇ ತಡ, ಉಣ್ಣೆ, ಧೂಳು, ಬಿಸಿ ಕಬ್ಬಿಣ ಎಲ್ಲ ಸೇರಿದ ಅದೇ ವಾಸನೆ ಮೂಗಿಗೆ ಬಡಿಯಿತು. ಮಕ್ಕಳು ತಂತಮ್ಮ ಫೋನುಗಳಲ್ಲಿ ಮುಳುಗಿದರು. ನಾನು ಹಿಂದಿನಿಂದ ಎರಡನೇ ಸಾಲಿಗೆ ಹೋಗಿ ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತೆ. ಅದು ನನ್ನ ಕುರ್ಚಿ. ಅಲ್ಲಿ ಕೂತೇ ನಾನು ಲೀನಿಯರ್ ಆಲ್ಜೀಬ್ರಾ ಕಲಿತದ್ದು. ಕಲಿಯುವುದಕ್ಕಿಂತ ಮೊದಲು ಫೇಲಾದದ್ದೂ ಅಲ್ಲೇ.

ಆಗ ನನಗೆ ನಲವತ್ತೆರಡು. ಧಾರವಾಡದಲ್ಲಿ ಪಿಯುಸಿ ಮುಗಿಸಿ, ಗಣಿತದಲ್ಲಿ ಒಳ್ಳೆಯ ಅಂಕ ತೆಗೆದು, ಅದರ ಮರುವರ್ಷವೇ ಮದುವೆಯಾಗಿ ಲಂಡನ್ನಿಗೆ ಬಂದವಳು ನಾನು. ಯಾರೂ ಬಲವಂತ ಮಾಡಿರಲಿಲ್ಲ. ಹುಡುಗ ಒಳ್ಳೆಯವನಿದ್ದ, ನನಗೂ ವಿಮಾನ ಹತ್ತುವ ಹುಚ್ಚಿತ್ತು. ರೇನರ್ಸ್ ಲೇನ್‌ನಲ್ಲಿ ಮನೆ, ಒಬ್ಬಳೇ ಮಗಳು ಅನಘಾ, ಹತ್ತಿರದ ಶಾಲೆಯೊಂದರಲ್ಲಿ ಟೀಚಿಂಗ್ ಅಸಿಸ್ಟೆಂಟ್ ಕೆಲಸ. ಲೆಕ್ಕ ಬಾರದ ಮಕ್ಕಳ ಪಕ್ಕ ಕೂತು ಹೇಳಿಕೊಡುವುದು ನನ್ನ ಕೆಲಸ. ಹೇಳಿಕೊಡುವವಳು ನಾನು, ಟೀಚರ್ ಅನ್ನಿಸಿಕೊಳ್ಳುವವರು ಬೇರೆ ಯಾರೋ. ನನಗೆ ಇದು ಹೊಟ್ಟೆಯುರಿಯ ವಿಷಯವಾಗಿತ್ತು, ಮುಚ್ಚಿಡುವುದೇನಿದೆ. ಟೀಚರ್ ಆಗಬೇಕಾದರೆ ಡಿಗ್ರಿ ಬೇಕು. ಅದಕ್ಕಾಗಿ ಸಂಜೆ ಕಾಲೇಜಿಗೆ ಹೋಗಿ ಇಲ್ಲಿಯ ಪಿಯುಸಿಯಂಥ ಎ-ಲೆವೆಲ್ ಗಣಿತ ಮುಗಿಸಿದೆ, ಆಮೇಲೆ ಸಂಜೆಯ ಡಿಗ್ರಿಗೆ ಸೇರಿದೆ. ಮೊದಲ ಟರ್ಮಿಗೆ ಒಂದೇ ವಿಷಯ, ಲೀನಿಯರ್ ಆಲ್ಜೀಬ್ರಾ. ಅದರಲ್ಲಿ ಪಾಸಾಗದವರು ಮುಂದೆ ಹೋಗುವಂತಿಲ್ಲ, ಒಂದು ವರ್ಷ ಕಾದು ಮತ್ತೆ ಮೊದಲಿನಿಂದ ಶುರು ಮಾಡಬೇಕು. ಇನ್ನೊಂದು ವರ್ಷ ಕಾಯುವ ಛಲ ನನ್ನಲ್ಲಿಲ್ಲ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಆಗುವುದಾದರೆ ಈ ಸಲವೇ ಆಗಬೇಕು, ಇಲ್ಲದಿದ್ದರೆ ಜನ್ಮದಲ್ಲಿ ಇಲ್ಲ.

ಕ್ಲಾಸು ಶುರುವಾಗುವ ವಾರವೇ ನಮ್ಮ ಮಾವ ಬಂದಿಳಿದರು. ಆರು ತಿಂಗಳ ವೀಸಾ. ಅತ್ತೆ ತೀರಿಕೊಂಡ ಮೇಲೆ ಧಾರವಾಡದಲ್ಲಿ ನನ್ನ ಮೈದುನನ ಜೊತೆ ಇರುತ್ತಾರೆ, ಓಣಿಯ ಮಕ್ಕಳಿಗೆಲ್ಲ ಪಾಠ ಹೇಳುತ್ತಾರೆ. ಕನ್ನಡ ಮಾಧ್ಯಮದ ಹೈಸ್ಕೂಲಿನಲ್ಲಿ ಇಡೀ ಆಯುಷ್ಯ ಗಣಿತ ಕಲಿಸಿದ ಮಾಸ್ತರರು. ಧೋತರದ ಒಳಗೆ ಥರ್ಮಲ್, ಮೇಲೆ ಸ್ವೆಟರ್, ತಲೆಗೆ ಮಂಕಿ ಕ್ಯಾಪ್. ಬಂದ ಮೊದಲ ದಿನವೇ ಹೀಟಿಂಗ್ ವಿಷಯಕ್ಕೆ ಮಗನ ಜೊತೆ ಜಗಳ ಆಡಿದರು. ಇವರು ಕಡಿಮೆ ಮಾಡಿ ಆಫೀಸಿಗೆ ಹೋದರೆ ಅವರು ಎದ್ದು ಹೋಗಿ ಜಾಸ್ತಿ ಮಾಡುತ್ತಿದ್ದರು. ನಾನು ಗಣಿತಕ್ಕೆ ಸೇರಿದ್ದೇನೆ ಎಂದು ಕೇಳಿದ ಕೂಡಲೇ ಮಾತ್ರ ಮುಖ ಅರಳಿತು.

"ಮಾತೃಕೆ ಐತೇನು?" ಎಂದು ಕೇಳಿದರು. ಮಾತೃಕೆ ಅಂದರೆ ಮ್ಯಾಟ್ರಿಕ್ಸ್. ಸಂಖ್ಯೆಗಳನ್ನು ಸಾಲು-ಸಾಲಾಗಿ ಒಂದು ಚೌಕಟ್ಟಿನಲ್ಲಿ ಜೋಡಿಸಿಡುವುದು.

"ಐತ್ರಿ, ಮಾವಾರ. ಬರೇ ಅದ ಐತಿ."

"ಹಂಗಾದ್ರ ಏನ್ ಕಾಳಜಿ ಮಾಡಬ್ಯಾಡ. ಹತ್ತನೇತ್ತಾದಾಗ ನಾ ಕಲಿಸೀನಿ. ಹಾಳಿ ತಗೊಂಡ ಬಾ."

ಹಾಳೆ ತಂದೆ. ಅವರು ತಮ್ಮ ಬ್ಯಾಗಿನಿಂದ ಒಂದು ಸ್ಟೀಲಿನ ಫೂಟ್‌ಪಟ್ಟಿ ತೆಗೆದರು. ಲಂಡನ್ನಿಗೆ ಬರುವಾಗ ಉಪ್ಪಿನಕಾಯಿ ಮರೆತವರು ಫೂಟ್‌ಪಟ್ಟಿ ಮರೆತಿರಲಿಲ್ಲ. ಹಾಳೆಯ ಎಡಕ್ಕೆ ಒಂದು ಗೆರೆ ಹೊಡೆದರು, ಬಲಕ್ಕೆ ಇನ್ನೊಂದು ಗೆರೆ. ಊರಿನಲ್ಲಿ ಓದಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಬಲಗಡೆಯ ಮಾರ್ಜಿನ್ ರಫ್ ವರ್ಕಿಗೆ. ತಡಕಾಡುವುದು, ಗುಣಿಸುವುದು, ತಪ್ಪುವುದು ಎಲ್ಲ ಅಲ್ಲಿ. ನಡುವಿನ ಜಾಗದಲ್ಲಿ ಅಚ್ಚುಕಟ್ಟಾದ ಉತ್ತರ. ಕೊನೆಯ ಗಂಟೆ ಬಾರಿಸುವ ಮುಂಚೆ ಬಲಗಡೆಯ ಕಾಲಂ ಮೇಲೆ ಓರೆಯಾಗಿ ಒಂದು ಗೆರೆ ಎಳೆದು ಹೊಡೆದು ಹಾಕಬೇಕು. ನನ್ನ ಹೈಸ್ಕೂಲಿನ ಮಾಸ್ತರರೂ ಹಾಗೆಯೇ ಕಲಿಸಿದ್ದರು. ಹೊಡೆದು ಹಾಕದಿದ್ದರೆ ಕಿವಿ ಹಿಂಡುತ್ತಿದ್ದರು.

"ಪೇಪರ್ ನೋಡಾಂವಗ ನಮ್ಮ ಒದ್ದಾಟ ಕಾಣಬಾರ್ದು," ಅಂದರು ಮಾವ. "ಉತ್ತರ ಅಷ್ಟ ಕಾಣಬೇಕು. ತಿಳೀತಿಲ್ಲೋ?"

ಮಂಗಳವಾರ, ಗುರುವಾರ ಸಂಜೆ ಕ್ಲಾಸು. ಶಾಲೆ ಬಿಟ್ಟ ಮೇಲೆ ಮನೆಗೆ ಓಡಿ, ರೊಟ್ಟಿ ಬಡಿದಿಟ್ಟು, ಮೆಟ್ರೊಪಾಲಿಟನ್ ಲೈನ್ ರೈಲು ಹಿಡಿಯುತ್ತಿದ್ದೆ. ಕ್ಲಾಸಿನಲ್ಲಿ ನನ್ನಂತೆ ಕೆಲಸ ಮುಗಿಸಿ ಬಂದವರೇ ಎಲ್ಲರೂ, ಆಕಳಿಸುತ್ತಲೇ ಬರೆದುಕೊಳ್ಳುತ್ತಿದ್ದೆವು. ಪಾಠ ಮಾಡುವವಳ ಹೆಸರು ಹೆಲೆನ್. ವಯಸ್ಸಿನಲ್ಲಿ ನನಗಿಂತ ಎಷ್ಟೋ ಚಿಕ್ಕವಳು, ತೋಳಿಗೆಲ್ಲ ಮಾರ್ಕರಿನ ಮಸಿ. ಬೋರ್ಡಿನ ಮೇಲೆ ಬರೆಯುತ್ತ ತಾನೇ ತಪ್ಪುತ್ತಿದ್ದಳು, "ಓ, ಇಲ್ಲ, ಇದಲ್ಲ" ಎಂದು ನಗುತ್ತಿದ್ದಳು, ಪಕ್ಕದಲ್ಲಿ ಮತ್ತೆ ಬರೆಯುತ್ತಿದ್ದಳು. ತಪ್ಪಿದ್ದನ್ನು ಒರೆಸುತ್ತಲೂ ಇರಲಿಲ್ಲ. ಈ ಹುಡುಗಿಗೆ ಪಾಠದ ತಯಾರಿ ಸಾಲದು ಎಂದು ನಾನು ಮನಸ್ಸಿನಲ್ಲೇ ಅಂದುಕೊಂಡೆ.

ಮೊದಲ ಮೂರು ವಾರ ಸಲೀಸಾಗಿ ನಡೆದೆ. ಸಮೀಕರಣಗಳನ್ನು ಮ್ಯಾಟ್ರಿಕ್ಸಿಗೆ ಹಾಕಿ, ಒಂದು ಸಾಲಿನಿಂದ ಇನ್ನೊಂದನ್ನು ಕಳೆದು ಬಿಡಿಸುವುದು. ಇದಕ್ಕೆ ಹೆಜ್ಜೆಗಳಿವೆ, ಹೆಜ್ಜೆ ಗೊತ್ತಿದ್ದರೆ ಸಾಕು. ರವಿವಾರ ಮಧ್ಯಾಹ್ನ ಮಾವನೂ ನಾನೂ ಊಟದ ಮೇಜಿನ ಮೇಲೆ ಹಾಳೆ ಹರಡಿ ಕೂತರೆ, ಶೇಂಗಾ ಚಟ್ನಿಯ ವಾಸನೆಯಲ್ಲಿ ಲೆಕ್ಕದ ಮೇಲೆ ಲೆಕ್ಕ. ನಾನು ಬೇಗ ಮುಗಿಸಿದರೆ "ಭಲೆ!" ಅನ್ನುತ್ತಿದ್ದರು. ಅತ್ತೆ ಹೋದ ಮೇಲೆ ಅವರು ಅಷ್ಟು ಮಾತಾಡಿದ್ದನ್ನು ನಾನು ನೋಡಿರಲಿಲ್ಲ.

ನಾಲ್ಕನೇ ವಾರ ವೆಕ್ಟರ್ ಸ್ಪೇಸ್ ಬಂತು, ನನ್ನ ನಡಿಗೆ ನಿಂತಿತು. ಇಲ್ಲಿ ಲೆಕ್ಕವೇ ಇಲ್ಲ. ವೆಕ್ಟರುಗಳ ಒಂದು ಗುಂಪು ಕೊಡುತ್ತಾರೆ. ಅದರಲ್ಲಿ ಸೊನ್ನೆ ಇದೆಯೇ, ಅದರೊಳಗಿನ ಎರಡನ್ನು ಕೂಡಿಸಿದರೆ ಬಂದದ್ದು ಅದರೊಳಗೇ ಉಳಿಯುತ್ತದೆಯೇ, ಎಷ್ಟು ಪಟ್ಟು ಹಿಗ್ಗಿಸಿದರೂ ಹೊರಗೆ ಹೋಗುವುದಿಲ್ಲವೇ ಎಂದು ನೋಡಬೇಕು. ಮೂರೂ ಹೌದಾದರೆ ಅದು ಸಬ್‌ಸ್ಪೇಸ್. ಯಾಕೆ ಹೌದು, ಯಾಕೆ ಅಲ್ಲ, ನೀವೇ ಹೇಳಿ ಅನ್ನುತ್ತಾರೆ. ಹೆಜ್ಜೆಗಳ ಪಟ್ಟಿ ಎಲ್ಲೂ ಇಲ್ಲ. ನಾನು ಮಾವನ ಹತ್ತಿರ ಹೋದೆ.

ಅವರು ಹಾಳೆಯನ್ನು ಕಣ್ಣಿನ ಹತ್ತಿರ ತಂದರು, ದೂರ ಹಿಡಿದರು, ಮತ್ತೆ ಹತ್ತಿರ ತಂದರು. "ಇದನ್ನ ನಾಳಿ ನೋಡೋಣ," ಅಂದರು.

ನಾಳೆ ಬಂತು. ಆ ಮಾತು ಬರಲಿಲ್ಲ. ಒಂದು ವಾರ ಬಿಟ್ಟು ಮತ್ತೆ ಕೇಳಿದೆ. "ನಾಳಿ ನೋಡೋಣವಾ, ಈಗ ಕಣ್ಣ ಉರಿಯಾಕತ್ತಾವು." ಅನಘಾ ಅಡುಗೆಮನೆಯಲ್ಲಿ ಟೋಸ್ಟ್ ಮಾಡಿಕೊಳ್ಳುತ್ತಿದ್ದವಳು ನನ್ನ ಕಿವಿಯ ಹತ್ತಿರ ಬಂದು, "ಅಜ್ಜ ಡಸಂಟ್ ನೋ, ಅಮ್ಮಾ. ಲೀವ್ ಹಿಮ್," ಅಂದಳು. ನಾನು ಅವಳ ಬಾಯಿ ಮುಚ್ಚಿಸಿದೆ. ಅವರಿಗೆ ಗೊತ್ತಿಲ್ಲ ಎಂದು ಒಪ್ಪಿಕೊಳ್ಳಲು ಅವರಿಗಿಂತ ನನಗೇ ಇಷ್ಟವಿರಲಿಲ್ಲ.

ನವೆಂಬರ್ ಮೊದಲ ವಾರ ಕ್ಲಾಸ್ ಟೆಸ್ಟ್. ಅಷ್ಟರಲ್ಲಿ ಕ್ಲಾಸಿನ ನೋಟ್ಸನ್ನೇ ತಿರುವಿ ತಿರುವಿ, ಆ ಮೂರು ಪ್ರಶ್ನೆ ಹಾಕಿ ನೋಡುವುದನ್ನು ಒಬ್ಬಳೇ ರೂಢಿಸಿಕೊಂಡಿದ್ದೆ. ಬಿಳಿ ಹಾಳೆ ಕೈಗೆ ಬಂದದ್ದೇ ಪೆನ್ನಿನ ಡಬ್ಬಿಯಿಂದ ಮಾವ ಕೊಟ್ಟ ಫೂಟ್‌ಪಟ್ಟಿ ತೆಗೆದು ಎಡಕ್ಕೊಂದು, ಬಲಕ್ಕೊಂದು ಮಾರ್ಜಿನ್ ಹೊಡೆದೆ. ಪಕ್ಕದವನು ಬಗ್ಗಿ ನೋಡಿದ. ಹೆಜ್ಜೆ ಗೊತ್ತಿರುವ ಲೆಕ್ಕಗಳನ್ನು ನಡುವೆ ಹೆಜ್ಜೆ-ಹೆಜ್ಜೆಯಾಗಿ ಬರೆದೆ. ಉಳಿದ ಪ್ರಶ್ನೆಗಳೆಲ್ಲ ಇದು ಸಬ್‌ಸ್ಪೇಸ್ ಹೌದೋ ಅಲ್ಲವೋ ಎನ್ನುವ ಜಾತಿಯವು. ಅವಕ್ಕೆ ಬಲಗಡೆ ಹೋದೆ. ಸೊನ್ನೆ ಹಾಕಿ ನೋಡಿದೆ, ಎರಡು ಕೂಡಿಸಿ ನೋಡಿದೆ, ಎಲ್ಲಿ ತಪ್ಪುತ್ತದೆ ಎಂದು ಕಂಡುಹಿಡಿದೆ. ನಡುವೆ "ಅಲ್ಲ" ಎಂದೋ "ಹೌದು" ಎಂದೋ ಬರೆದೆ. ಕೊನೆಗೆ ಬಲಗಡೆಯ ಕಾಲಂಗಳನ್ನೆಲ್ಲ ನೀಟಾಗಿ ಹೊಡೆದು ಹಾಕಿ ಕೊಟ್ಟು ಬಂದೆ. ಹಗುರಾಗಿದ್ದೆ. ಎಲ್ಲ ಸರಿಯಾಗಿದೆ ಎಂದು ಗೊತ್ತಿತ್ತು.

ಆ ಶನಿವಾರ ಹ್ಯಾರೋದ ಒಂದು ಹಾಲ್‌ನಲ್ಲಿ ದೀಪಾವಳಿಯ ಊಟ. ಬೆಂಗಳೂರು, ಮೈಸೂರು, ಕುಂದಾಪುರ, ಬೆಳಗಾವಿ ಎಲ್ಲ ಕಡೆಯ ಜನ ಸೇರಿದ್ದರು. ಪಂಕ್ತಿಯಲ್ಲಿ ನನ್ನ ಪಕ್ಕ ಕೂತಿದ್ದ ಹೆಂಗಸೊಬ್ಬರು, "ಈಗ್ಯಾಕ್ರೀ ಓದೋದು? ಮಗಳು ಓದೋ ಹೊತ್ತಲ್ವಾ?" ಅಂದರು. ನಾನು ಬಾಯಿ ತೆರೆಯುವ ಮುಂಚೆಯೇ ಎದುರು ಸಾಲಿನಿಂದ ಮಾವನ ಧ್ವನಿ ಬಂತು.

"ಯಾಕ ಓದಬಾರ್ದ್ರೀ? ನಮ್ಮ ಸೊಸಿ ಗಣಿತದಾಗ ಡಿಗ್ರಿ ತಗೋತಾಳ. ಮೊನ್ನೆ ಪರೀಕ್ಷಾ ಬರದ ಬಂದಾಳ, ಒಂದೂ ತಪ್ಪಿಲ್ಲ. ನಾನ ಕಲಸಾಕತ್ತೀನಿ!"

ಇಡೀ ಸಾಲು ತಿರುಗಿ ನೋಡಿತು. ನನಗೆ ನಾಚಿಕೆಯೂ ಆಯಿತು, ಎದೆಯೂ ಉಬ್ಬಿತು. ಅವತ್ತಿನ ಹೋಳಿಗೆ ಎರಡು ಜಾಸ್ತಿಯೇ ತಿಂದೆ.

ಮುಂದಿನ ಗುರುವಾರ ಪೇಪರ್ ಕೈಗೆ ಬಂತು. ಪಾಸಿಗೆ ಬೇಕಾದದ್ದು ನಲವತ್ತು, ನನಗೆ ಬಂದದ್ದು ಇಪ್ಪತ್ತೆಂಟು. ಹೆಸರು ಅದಲುಬದಲಾಗಿದೆ ಎಂದುಕೊಂಡೆ. ಇಲ್ಲ, ನನ್ನದೇ ಮಾರ್ಜಿನ್. ಕ್ಲಾಸು ಮುಗಿಯುವವರೆಗೆ ಕಾದು ಹೆಲೆನ್ ಹತ್ತಿರ ಹೋದೆ. ಅವಳು ಪೇಪರನ್ನು ತನ್ನ ಕಡೆ ತಿರುಗಿಸಿಕೊಂಡಳು.

"ನಿಮ್ಮನ್ನೇ ಕೇಳಬೇಕು ಅಂದುಕೊಂಡಿದ್ದೆ," ಅಂದಳು. "ಇಲ್ಲಿ ನೋಡಿ. ಈ ಗುಂಪಿನಲ್ಲಿ ಸೊನ್ನೆ ಇಲ್ಲ, ಆದ್ದರಿಂದ ಇದು ಸಬ್‌ಸ್ಪೇಸ್ ಅಲ್ಲ ಅಂತ ಎಷ್ಟು ಚೆನ್ನಾಗಿ ಕಂಡುಹಿಡಿದಿದ್ದೀರಿ. ಮತ್ತೆ ಯಾಕೆ ಹೊಡೆದು ಹಾಕಿದಿರಿ?"

"ಅದು ರಫ್ ವರ್ಕ್," ಅಂದೆ.

"ಅದೇ ಉತ್ತರ," ಅಂದಳು ಅವಳು. "ಬರೀ 'ಅಲ್ಲ' ಅನ್ನುವುದಕ್ಕೆ ಒಂದು ಅಂಕ. ಯಾಕೆ ಅಲ್ಲ ಅನ್ನುವುದಕ್ಕೆ ಐದು. ನೀವು ಹೊಡೆದು ಹಾಕಿದ್ದನ್ನೆಲ್ಲ ನಾನು ಓದಿದ್ದೇನೆ, ಆದರೆ ಹೊಡೆದು ಹಾಕಿದ್ದಕ್ಕೆ ಅಂಕ ಕೊಡುವಂತಿಲ್ಲ. ನಿಯಮ. ಸಾರಿ. ಇದನ್ನು ಜನವರಿಯ ಪರೀಕ್ಷೆಯ ಜೊತೆ ಕೂಡಿಸುತ್ತಾರೆ, ಅಲ್ಲಿ ಸರಿದೂಗಿಸಬಹುದು, ಇನ್ನೂ ಏನೂ ಮುಗಿದಿಲ್ಲ."

ಟ್ಯೂಬ್ ರೈಲಿನಲ್ಲಿ ಫಿಂಚ್ಲಿ ರೋಡ್ ದಾಟುವವರೆಗೆ ತಡೆದುಕೊಂಡೆ. ಆಮೇಲೆ ಕಣ್ಣೀರು ತಾನಾಗಿ ಇಳಿಯಿತು. ಎದುರು ಕೂತವರು ಒಳ್ಳೆಯವರು, ಒಬ್ಬರೂ ನೋಡಲಿಲ್ಲ. ಗೊತ್ತಿಲ್ಲದೆ ಫೇಲಾಗಿದ್ದರೆ ಅಷ್ಟು ಸಂಕಟವಾಗುತ್ತಿರಲಿಲ್ಲ. ಗೊತ್ತಿದ್ದದ್ದನ್ನು ನನ್ನ ಕೈಯಾರೆ ಹೊಡೆದು ಹಾಕಿ ಬಂದಿದ್ದೆ.

ಮನೆಯ ಬಾಗಿಲು ತೆರೆದದ್ದೇ ಮಾವ. ಕಾದು ಕೂತಿದ್ದರು. "ಎಷ್ಟ ಬಂತವಾ?"

ಪೇಪರನ್ನೇ ಕೈಗೆ ಕೊಟ್ಟೆ. ಪ್ಯಾಸೇಜಿನ ದೀಪದ ಕೆಳಗೆ ನಿಂತು ಒಂದೊಂದೇ ಪುಟ ತಿರುಗಿಸಿದರು. "ಎಲ್ಲಾ ಸರಿ ಐತಲ್ಲ! ಇಲ್ಲಿ ಸರಿ, ಇಲ್ಲಿ ಸರಿ... ಪೇಪರ್ ನೋಡಿದಾಂವಗ ಕಣ್ಣ ಕಾಣ್ತಾವಿಲ್ಲೋ?"

"ಹೊಡದ ಹಾಕಿದ್ದಕ್ಕ ಅಂಕ ಕೊಡಂಗಿಲ್ಲಂತ್ರಿ."

"ರಫ್ ಹೊಡೀದ ಏನ್ ಮಾಡಬೇಕಂತ?"

ಅಲ್ಲಿಗೆ ನನ್ನ ತಲೆ ಕೆಟ್ಟಿತು. "ನೀವ ಹೇಳಿದ್ರಿ ಹೊಡಿ ಅಂತ! ಒದ್ದಾಟ ಕಾಣಬಾರ್ದು ಅಂದ್ರಿ. ಇಲ್ಲಿ ಒದ್ದಾಟಕ್ಕ ಅಂಕ ಕೊಡ್ತಾರಂತ ಯಾರಿಗೆ ಗೊತ್ತಿತ್ರಿ?" ಸೋಫಾದ ಮೇಲಿದ್ದ ಇವರು ಎದ್ದು ಬಂದು, "ಏ, ಸಾವಕಾಶ," ಅಂದರು. ಮಾವ ಪೇಪರನ್ನು ನೀಟಾಗಿ ಮಡಚಿ ಮೇಜಿನ ಮೇಲಿಟ್ಟು ಮೆಟ್ಟಿಲು ಹತ್ತಿ ಹೋದರು.

ಮುಂದಿನ ರವಿವಾರ ಅವರು ಮೇಜಿಗೆ ಬರಲಿಲ್ಲ. ಊಟ ಮುಗಿಸಿ ಮಂಕಿ ಕ್ಯಾಪ್ ಹಾಕಿಕೊಂಡು ಪಾರ್ಕಿಗೆ ಹೋದರು. ಜಿಟಿಜಿಟಿ ಮಳೆ, ನಾಲ್ಕು ಗಂಟೆಗೇ ಕತ್ತಲು. ಹೊರಗೆ ಏನಿದೆ ಎಂದು ಹೋಗುತ್ತಾರೆ, ನನ್ನ ಮುಖ ನೋಡಬಾರದೆಂದೇ ಹೋಗುತ್ತಾರೆ. ಮನೆಯಲ್ಲಿ ಲೆಕ್ಕದ ಮಾತೇ ನಿಂತಿತು, ಹೀಟಿಂಗಿನ ಜಗಳ ಕೂಡ ನಿಂತಿತು. ನನಗೆ ಅದರಿಂದಲೇ ಜಾಸ್ತಿ ನೋವಾಯಿತು.

ಇತ್ತ ನನ್ನ ಕೈ ಸುಮ್ಮನಿರಲಿಲ್ಲ. ಅಭ್ಯಾಸಕ್ಕೆ ಕೂತರೆ ತಾನಾಗಿ ಮಾರ್ಜಿನ್ ಎಳೆಯುತ್ತಿತ್ತು, ಯೋಚನೆ ಬಂದರೆ ತಾನಾಗಿ ಬಲಗಡೆಗೆ ಓಡುತ್ತಿತ್ತು. ನಡುವಿನ ಜಾಗದಲ್ಲಿ ತಿಳಿಯದ್ದನ್ನು ಬರೆಯುವುದೆಂದರೆ ಅರ್ಧ ಉಟ್ಟ ಸೀರೆಯಲ್ಲಿ ಬಾಗಿಲಿಗೆ ಬಂದಂತೆ ಅನ್ನಿಸುತ್ತಿತ್ತು. ಹುಟ್ಟುಗುಣ ಸುಟ್ಟರೂ ಹೋಗದು ಅಂತಾರಲ್ಲ, ಶಾಲೆಯ ಗುಣವೂ ಹಾಗೆಯೇ. ಡಿಸೆಂಬರಿನಲ್ಲಿ ಒಂದು ರವಿವಾರ, ಅವರು ಕೋಟು ಹಾಕಿಕೊಳ್ಳುವ ಮುಂಚೆಯೇ ಹಾಳೆಯನ್ನೂ ಫೂಟ್‌ಪಟ್ಟಿಯನ್ನೂ ಅವರ ಮುಂದಿಟ್ಟೆ.

"ಮಾವಾರ, ಅವತ್ತ ಸಿಟ್ಟಿನ್ಯಾಗ ಅಂದೀನ್ರಿ. ನೀವು ಒಬ್ರ ಕಲಿಸಿದ್ದಲ್ಲ ಇದು, ನಮ್ಮ ಮಾಸ್ತರೂ ಹಿಂಗ ಕಲಿಸ್ಯಾರ. ಆದ್ರ ನನ್ನ ಕೈ ನಿಲ್ಲವಲ್ದ್ರಿ. ನೀವು ಕೂತು ತಡೀರಿ."

ಅವರು ಕುರ್ಚಿ ಎಳೆದು ಕೂತರು. ಆಮೇಲೆ ಫೂಟ್‌ಪಟ್ಟಿ ತೆಗೆದು ಸ್ವೆಟರಿನ ಒಳಗೆ ಇಟ್ಟುಕೊಂಡರು. "ಬರಿ," ಅಂದರು. "ಮಾರ್ಜಿನ್ ಬ್ಯಾಡ. ಇಡೀ ಹಾಳಿ ನಿಂದ."

ಅವತ್ತಿನಿಂದ ಅವರ ಕೆಲಸ ಅದೇ. ನಾನು ಬರೆಯುವುದು, ಅವರು ಕಾವಲು ಕೂರುವುದು. ಪೆನ್ನು ಬಲಕ್ಕೆ ಸರಿದರೆ "ಹ್ಞಾಂ!" ಎಂದು ಗದರುತ್ತಿದ್ದರು. ಒಂದು ಸಾಲು ತಪ್ಪಿದೆ ಎಂದು ಹೊಡೆಯಹೋದರೆ, "ಹೊಡೀಬ್ಯಾಡ. ಯಾಕ ತಪ್ಪಾತು ಅಂತ ಬಾಜೂಕ ಬರಿ." ಹೇಳುವಾಗ ಅವರ ಮುಖ ನೋಡಬೇಕಿತ್ತು, ಯಾರೋ ಅವರ ಹಲ್ಲು ಕೀಳುತ್ತಿದ್ದಾರೇನೋ ಅನ್ನುವಂತೆ. "ಏನಿದು ಕೋಳಿ ಕೆದರಿದಂಗ! ನನ್ನ ಶಾಲ್ಯಾಗ ಆಗಿದ್ರ ಹಾಳಿ ಹರದ ಒಗೀತಿದ್ದೆ," ಎಂದು ಗೊಣಗುತ್ತಲೇ, "ಬರಿ, ಮುಂದ ಬರಿ," ಅನ್ನುತ್ತಿದ್ದರು. ಅನಘಾ ಮೆಟ್ಟಿಲ ಮೇಲೆ ಕೂತು ನಗುತ್ತಿದ್ದಳು. ಇವರು ಚಹಾ ಮಾಡಿಕೊಡುತ್ತಿದ್ದರು, ಹೀಟಿಂಗೂ ಜಾಸ್ತಿ ಮಾಡಿಡುತ್ತಿದ್ದರು.

ಆ ದಿನಗಳಲ್ಲೇ ಹೆಲೆನ್ ಒಂದು ಪ್ರಶ್ನೆ ಕೊಟ್ಟಳು. ಎರಡು ಸಬ್‌ಸ್ಪೇಸ್‌ಗಳಿವೆ, ಎರಡರಲ್ಲೂ ಇರುವವನ್ನು ಮಾತ್ರ ಆರಿಸಿ ತೆಗೆದರೆ ಅದೂ ಒಂದು ಸಬ್‌ಸ್ಪೇಸ್ ಎಂದು ತೋರಿಸಿ. ಸಂಖ್ಯೆಯೇ ಇಲ್ಲದ ಪ್ರಶ್ನೆ. ಮಾವ ಅದನ್ನು ಓದಿದರು, ಎರಡು ಸಲ ಓದಿದರು. "ಈ ಹಾಳಿ ನನಗ ಕೊಡು. ನಾಳಿ ನೋಡೋಣ," ಎಂದು ಮಡಚಿ ಜೇಬಿಗೆ ಹಾಕಿಕೊಂಡರು. ನಾನು ಪ್ರಶ್ನೆಯನ್ನು ಬೇರೆ ಹಾಳೆಗೆ ಬರೆದುಕೊಂಡೆ. ಕ್ರಿಸ್‌ಮಸ್ ರಜೆಯಲ್ಲಿ ಒಬ್ಬಳೇ ಒದ್ದಾಡಿ ಅದನ್ನು ಬಿಡಿಸಿದೆ. ಮೂರು ಹಾಳೆ ಹಿಡಿಯಿತು, ಒಂದನ್ನೂ ಹೊಡೆದು ಹಾಕಲಿಲ್ಲ. ಮಾವ ಮತ್ತೆ ಆ ಮಾತು ಎತ್ತಲಿಲ್ಲ, ನಾನೂ ಕೇಳಲಿಲ್ಲ.

ಜನವರಿಯ ಪರೀಕ್ಷೆಯ ದಿನ ಹೊರಗೆ ಹಿಮವೂ ಅಲ್ಲದ ಮಳೆಯೂ ಅಲ್ಲದ ಏನೋ ಬೀಳುತ್ತಿತ್ತು. ಹಾಳೆಯ ತುಂಬ ಬರೆದೆ. ತಡಕಾಡಿದ್ದು, ತಪ್ಪಿದ್ದು, ಯಾಕೆ ತಪ್ಪಿತೆಂದು ತಿಳಿದದ್ದು, ಎಲ್ಲ ನಡುಬೀದಿಯಲ್ಲಿ. ಐದು ನಿಮಿಷ ಉಳಿದಿದೆ ಅಂದ ಕೂಡಲೇ ನನ್ನ ಕೈ ಫೂಟ್‌ಪಟ್ಟಿ ಹುಡುಕಿಕೊಂಡು ಡಬ್ಬಿಗೆ ಹೋಯಿತು. ಅಲ್ಲಿರಲಿಲ್ಲ, ಅದು ರೇನರ್ಸ್ ಲೇನ್‌ನಲ್ಲಿ ಒಂದು ಸ್ವೆಟರಿನೊಳಗಿತ್ತು. ಕೈಯಿಂದಲೇ ಗೆರೆ ಎಳೆಯುತ್ತೇನೇನೋ ಎಂಬ ಹೆದರಿಕೆಗೆ ಪೆನ್ನಿನ ಟೋಪಿ ಹಾಕಿ, ಎರಡೂ ಕೈಗಳನ್ನು ತೊಡೆಯ ಕೆಳಗಿಟ್ಟುಕೊಂಡು ಕೂತೆ.

ಫೆಬ್ರವರಿಯಲ್ಲಿ ಫಲಿತಾಂಶ ಬಂತು. ಟೆಸ್ಟಿನದ್ದನ್ನೂ ಸೇರಿಸಿ ಪಾಸು. ಭಾರೀ ಅಂಕವೇನಲ್ಲ, ಪಾಸು. ಅಡುಗೆಮನೆಯ ನೆಲದ ಮೇಲೆ ಕೂತುಬಿಟ್ಟೆ, ಅಷ್ಟು ಖುಷಿಯಾಗಿತ್ತು. ಮಾವ ಫೋನಿನಲ್ಲಿ ಅಂಕ ನೋಡಿ, "ಇನ್ನೂ ಬರಬೇಕಾಗಿತ್ತು," ಅಂದರು. ಆಮೇಲೆ ತಮ್ಮ ಕೋಣೆಯ ಬಾಗಿಲು ಹಾಕಿಕೊಂಡು ಧಾರವಾಡದ ಒಬ್ಬೊಬ್ಬರಿಗೂ ಫೋನ್ ಮಾಡಿ ಹೇಳಿದ್ದು ಇಡೀ ಮನೆಗೆ ಕೇಳಿಸಿತು. ಮಾರ್ಚಿನಲ್ಲಿ ಊರಿಗೆ ಹೊರಟರು. ಹೀಥ್ರೋದಲ್ಲಿ ನಾನು ಕಾಲಿಗೆ ನಮಸ್ಕರಿಸಿದರೆ, "ಛಲೋ ಓದು," ಅಂದರು ಅಷ್ಟೇ. ಫೂಟ್‌ಪಟ್ಟಿ ಅವರ ಬ್ಯಾಗಿನಲ್ಲೇ ಹೋಯಿತು.

ಮೇ ತಿಂಗಳಲ್ಲಿ ಒಂದು ಶನಿವಾರ ಬೆಳಿಗ್ಗೆ ವಾಟ್ಸಾಪಿನಲ್ಲಿ ಒಂದು ಫೋಟೋ ಬಂತು. ಮಾವನಿಂದ. ಅವರು ಸಾಮಾನ್ಯವಾಗಿ ಕಳಿಸುವುದು ಗಣಪತಿಯ ಚಿತ್ರ, ಶುಭೋದಯ. ಇದು ಒಂದು ಹಾಳೆ. ಮಾರ್ಜಿನ್ ಇಲ್ಲದ ಹಾಳೆ. ಮೇಲೆ ಅವರ ಮುತ್ತಿನಂಥ ಅಕ್ಷರದಲ್ಲಿ ಆ ಪ್ರಶ್ನೆ, ಕನ್ನಡದಲ್ಲಿ. ಎರಡು ಸಬ್‌ಸ್ಪೇಸ್‌ಗಳ, ಎರಡರಲ್ಲೂ ಇರುವವುಗಳ ಪ್ರಶ್ನೆ. ಅದರ ಕೆಳಗೆ ಮೊದಲನೇ ಪ್ರಯತ್ನ, ಅರ್ಧಕ್ಕೆ ನಿಂತಿದೆ. ಎರಡನೆಯದು, ಸಂಖ್ಯೆ ಹಾಕಿ ನೋಡಿದ್ದಾರೆ, ಅದರ ಬಾಜೂಕೆ "ಇದು ಉದಾಹರಣೆ ಆಯಿತು, ಸಾಧನೆ ಆಗಲಿಲ್ಲ" ಎಂದು ಬರೆದಿದ್ದಾರೆ. ಸಾಧನೆ ಅಂದರೆ ಪ್ರೂಫ್. ಮೂರನೆಯದು ಪೂರ್ತಿ ತಪ್ಪು. ನಾಲ್ಕನೆಯದರಲ್ಲಿ ಎರಡೇ ಸಾಲು. ಒಂದೂ ಹೊಡೆದು ಹಾಕಿರಲಿಲ್ಲ. ಕೊನೆಗೆ ಬರೆದಿದ್ದರು: ಮುಂದ ಹೊಳೀವಲ್ದು. ನೋಡು.

ಆಯುಷ್ಯವಿಡೀ ಯಾರಿಗೂ ತಮ್ಮ ರಫ್ ಕಾಲಂ ತೋರಿಸದ ಮನುಷ್ಯ. ಅತ್ತೆ ಹೋದಾಗಲೂ ನಮ್ಮೆದುರು ಒಂದು ಹನಿ ಕಣ್ಣೀರು ಹಾಕಿದವರಲ್ಲ. ಹಾಳೆಯನ್ನು ಇನ್ನೊಮ್ಮೆ ಮೇಲಿನಿಂದ ಓದಿ ಫೋನ್ ಮಾಡಿದೆ.

"ಮಾವಾರ, ನಾಕನೇದು ಸರಿ ಐತ್ರಿ. ಅಲ್ಲಿಂದ ಬರೀರಿ."

"ಎಲ್ಲಿ ಸರಿ ಐತಿ? ಎರಡ ಸಾಲ ಅದಾವು. ಇರ್ಲಿ ಬಿಡವಾ, ನಾಳಿ ನೋಡೋಣ."

"ನಾಳಿ ಬ್ಯಾಡ್ರಿ, ಈಗ ನೋಡೋಣ. ಹಾಳಿ ಮುಂದ ಇಟ್ಕೋರಿ."

ಆ ಕಡೆ ಕುರ್ಚಿ ಎಳೆದ ಸದ್ದಾಯಿತು, ಕನ್ನಡಕದ ಡಬ್ಬಿ ತೆರೆದ ಸದ್ದಾಯಿತು.

"ಹೂಂ, ಹೇಳು," ಅಂದರು. ಆಮೇಲೆ ಏನೋ ನೆನಪಾದವರಂತೆ ಕೇಳಿದರು, "ಮ್ಯಾಲಿನ ಮೂರೂ ಹೊಡದ ಹಾಕ್ಲೇನು?"

"ಬ್ಯಾಡ್ರಿ, ಮಾವಾರ," ಅಂದೆ. "ಹಂಗ ಇರ್ಲಿ."